ಕ್ಯಾಮ್ ದೊಡ್ಡದಾದರೆ ಸಾಲದು, ಸ್ಪ್ರಿಂಗ್ ಅಳೆಯಿರಿ

ಮಾನ್ಯರೆ,

ಡ್ರ್ಯಾಗ್ ರೇಸ್‌ಗೆ (ನೇರ ದಾರಿಯ ಚಿಕ್ಕ ವೇಗದ ಓಟ) ಎಂಜಿನ್ ಕಟ್ಟುವ ಬೆಂಗಳೂರಿನ ಹುಡುಗರು ಬಿಡಿಭಾಗ ಮಾರುವ ಜೆ.ಸಿ. ರಸ್ತೆಯಲ್ಲಿ ಮೊದಲು ವಿಚಾರಿಸುವುದು ದೊಡ್ಡ ಕ್ಯಾಮ್, ಅಂದರೆ ಎಂಜಿನ್‌ಗೆ ಮಿಶ್ರಣ ಬಿಡುವ, ಹೊಗೆ ಹೊರಹಾಕುವ ವಾಲ್ವ್‌ಗಳನ್ನು ತಳ್ಳಿ ತೆರೆಯುವ ಉಬ್ಬುಗಳ ದಂಡ. ವಾಲ್ವನ್ನು ಮತ್ತೆ ಮುಚ್ಚುವ ಸ್ಪ್ರಿಂಗ್ ಮಾತ್ರ ಹಳೆಯದೇ ಇರುತ್ತದೆ. ಎಂಜಿನ್ ಕೈಕೊಡುವುದು ಅಲ್ಲೇ.

ಲೆಕ್ಕ ನೋಡಿ. ಹೆಡ್‌ನಲ್ಲಿ (ವಾಲ್ವ್‌ಗಳಿರುವ ಎಂಜಿನ್‌ನ ಮೇಲ್ಭಾಗ) ಕೂರಿಸಿದ ಸ್ಪ್ರಿಂಗ್‌ನ ಎತ್ತರ 40 ಮಿ.ಮೀ., ಸುರುಳಿಗಳು ಒಂದಕ್ಕೊಂದು ಅಂಟುವಷ್ಟು ಅದುಮಿದರೆ 28 ಮಿ.ಮೀ. ಎಂದಿಟ್ಟುಕೊಳ್ಳಿ. ಕಂಪನಿ ಕ್ಯಾಮ್ ವಾಲ್ವನ್ನು 10 ಮಿ.ಮೀ. ತೆರೆದರೆ 2 ಮಿ.ಮೀ. ಜಾಗ ಉಳಿಯುತ್ತದೆ. 12 ಮಿ.ಮೀ. ತೆರೆಯುವ ಕ್ಯಾಮ್ ಹಾಕಿದರೆ ಉಳಿಯುವುದು ಸೊನ್ನೆ. ಆಗ ಸ್ಪ್ರಿಂಗ್ ಗಟ್ಟಿ ಕಬ್ಬಿಣವಿದ್ದಂತೆ. ಕ್ಯಾಮ್‌ನ ತಳ್ಳನ್ನು ವಾಲ್ವ್‌ಗೆ ಒಯ್ಯುವ ಪುಶ್‌ರಾಡ್ ಬಾಗುತ್ತದೆ, ರಾಕರ್ ಮುರಿಯುತ್ತದೆ, ಕ್ಯಾಮ್‌ನ ಮೂಗು (ಉಬ್ಬಿನ ತುದಿ) ಸವೆಯುತ್ತದೆ. ಒಟ್ಟು 1.5 ಮಿ.ಮೀ. ಜಾಗವಾದರೂ ಬೇಕು. ಸ್ಪ್ರಿಂಗನ್ನು ವಾಲ್ವ್‌ಗೆ ಹಿಡಿದಿಡುವ ರಿಟೇನರ್‌ಗೂ ಎಣ್ಣೆ ತಡೆಯುವ ವಾಲ್ವ್ ಸೀಲ್‌ಗೂ ನಡುವೆ ಅಷ್ಟೇ ಅಂತರವಿರಲಿ.

ವಾಲ್ವ್ ಕೂರುವ ಸೀಟ್ ಕಟ್ ಮಾಡಿಸಿದಾಗ ವಾಲ್ವ್ ಒಳಕ್ಕೆ ಇಳಿದು ಸ್ಪ್ರಿಂಗ್‌ಗೆ ಹೆಚ್ಚು ಜಾಗ ಸಿಗುತ್ತದೆ ಎಂಬುದನ್ನು ಹಲವರು ಮರೆಯುತ್ತಾರೆ. ಮಿ.ಮೀ.ಗೆ 4 ಕೆ.ಜಿ. ಬಲದ ಸ್ಪ್ರಿಂಗ್ 1 ಮಿ.ಮೀ. ಸಡಿಲವಾದರೆ 40 ಕೆ.ಜಿ. ಒತ್ತಡ 36ಕ್ಕೆ ಇಳಿಯುತ್ತದೆ. ಅಷ್ಟೇ ದಪ್ಪದ ಶಿಮ್ (ತೆಳು ಲೋಹದ ಬಿಲ್ಲೆ) ಅಡಿಗೆ ಇಟ್ಟರೆ ಸರಿಹೋಗುತ್ತದೆ.

ಈ ಒತ್ತಡಕ್ಕೆ ಯಾಕಿಷ್ಟು ಮಹತ್ವ? ವಾಲ್ವನ್ನು ಕ್ಯಾಮ್‌ನ ಜೊತೆಯಲ್ಲೇ ಓಡಿಸಬೇಕಾದ ಬಲ ಆರ್‌ಪಿಎಂನ (ಎಂಜಿನ್ ನಿಮಿಷಕ್ಕೆ ಸುತ್ತುವ ಸುತ್ತುಗಳು) ವರ್ಗದಂತೆ ಏರುತ್ತದೆ. 7000ದಿಂದ 8000ಕ್ಕೆ ಹೋದರೆ ಅದು ಸುಮಾರು ಶೇ 31ರಷ್ಟು ಹೆಚ್ಚು. ಬಲ ಸಾಲದಿದ್ದರೆ ವಾಲ್ವ್ ಕ್ಯಾಮ್ ಬಿಟ್ಟು ತೇಲುತ್ತದೆ, ಕೊನೆಗೆ ಪಿಸ್ಟನ್‌ಗೆ ಬಡಿಯುತ್ತದೆ. ಹಾಗೆಂದು ಸಿಕ್ಕಿದ ಬಿಗಿ ಸ್ಪ್ರಿಂಗ್ ತುರುಕಿದರೆ ಕ್ಯಾಮೇ ಸವೆಯುತ್ತದೆ. ಹಗುರ ರಿಟೇನರ್ ಎಷ್ಟೋ ಸಲ ಹೆಚ್ಚು ಉಪಕಾರಿ.

402 ಮೀಟರ್‌ನ ಡ್ರ್ಯಾಗ್ ಓಟದಲ್ಲಿ ವಾಲ್ವ್ ತೆರೆದಿರುವ ಅವಧಿಯೂ ಮುಖ್ಯ. ಅದು ಉದ್ದವಾದರೆ ಮಿಶ್ರಣ ಒಳಬಿಡುವ ಇನ್‌ಟೇಕ್ ವಾಲ್ವ್ ತಡವಾಗಿ ಮುಚ್ಚಿ ಕಡಿಮೆ ಆರ್‌ಪಿಎಂನಲ್ಲಿ ಗಾಳಿ-ಇಂಧನದ ಮಿಶ್ರಣ ಹಿಂದಕ್ಕೆ ಸರಿಯುತ್ತದೆ. ಗೇರ್ ಅನುಪಾತ ಬದಲಿಸದಿದ್ದರೆ ಆರಂಭದಲ್ಲೇ ಗಾಡಿ ಮಂಕಾಗುತ್ತದೆ. ಅದೇ ಕಾರು ರಸ್ತೆಗೂ ಬಂದರೆ ಎಂಜಿನ್‌ನ ವ್ಯಾಕ್ಯೂಮ್ (ಹೀರುವ ಬಲ) ಕುಸಿದು, ಅದರಿಂದ ನಡೆಯುವ ಬ್ರೇಕ್ ಬೂಸ್ಟರ್ ದುರ್ಬಲವಾಗುವುದು ನಿಜಕ್ಕೂ ಅಪಾಯ.

ಜೋಡಿಸುವ ಮುನ್ನ ಪಿಸ್ಟನ್ ತಲೆಯ ಮೇಲೆ ಮಕ್ಕಳ ಆಟದ ಜೇಡಿ ಇಟ್ಟು, ವಾಲ್ವ್‌ಗೆ ಸ್ವಲ್ಪ ಎಣ್ಣೆ ಸವರಿ, ಹೆಡ್ ಬಿಗಿಮಾಡಿ, ಕ್ರ್ಯಾಂಕನ್ನು ಕೈಯಲ್ಲಿ ಎರಡು ಸುತ್ತು ತಿರುಗಿಸಿ. ಜೇಡಿ ಕತ್ತರಿಸಿ ಅತಿ ತೆಳುವಾದ ಜಾಗ ಅಳೆಯಿರಿ: ಇನ್‌ಟೇಕ್‌ಗೆ 2 ಮಿ.ಮೀ., ಮುಚ್ಚುವಾಗ ಪಿಸ್ಟನ್ನೇ ಬೆನ್ನಟ್ಟಿ ಬರುವ, ಹೊಗೆ ಬಿಡುವ ಎಕ್ಸಾಸ್ಟ್ ವಾಲ್ವ್‌ಗೆ 2.5 ಮಿ.ಮೀ. ಬೇಕು. ಹೆಡ್ ಕೆಲಸ ಮಾಡುವ ಗ್ಯಾರೇಜ್‌ಗಳು ಈ ಅಳತೆಗಳನ್ನೆಲ್ಲ ಬಿಲ್‌ನಲ್ಲೇ ಬರೆದುಕೊಡಲಿ.

– ಎಂಜಿನ್ ಮೆಕ್ಯಾನಿಕ್‌ಗಳು, ವಿಲ್ಸನ್ ಗಾರ್ಡನ್, ಬೆಂಗಳೂರು