ಅಪ್ಪನ ಮಣ್ಣಿಗೆ ಬಂದವರಿಗೆಲ್ಲ

ಹೋದ ತಿಂಗಳು ನಮ್ಮ ಅಪ್ಪ ತೀರಿಕೊಂಡರು. 86 ವರ್ಷದ ತುಂಬು ಬಾಳು. ಮಣ್ಣಿಗೆ ಬಂದವರು, ಶಿವಗಣಾರಾಧನೆಗೆ ಬಂದವರು, ಬರಲಾಗದೆ ಫೋನ್ ಮಾಡಿ ಅವ್ವನ ಜೊತೆ ಮಾತಾಡಿದವರು, ಎಲ್ಲರಿಗೂ ಕೈಮುಗಿದು ಇದನ್ನು ಬರೆಯುತ್ತಿದ್ದೇನೆ.

ಆ ದಿನ ಸಿರವಾರದ ನಮ್ಮ ಮನೆ ಮುಂದೆ ಒಂದಾದ ಮೇಲೊಂದು ಟಂಟಂ ಬಂದು ನಿಂತವು. ಇಳಿದವರಲ್ಲಿ ಎಷ್ಟೋ ಜನರ ಮುಖ ನಮಗೆ ಗುರುತಿರಲಿಲ್ಲ. ಕೇಳಿದರೆ ಕೆಲವರದು ಮಾನ್ವಿ ಕಡೆಯ ಹಳ್ಳಿ, ಕೆಲವರದು ರಾಯಚೂರು ತಾಲೂಕು. "ನಾವು ಕಾಲುವೆ ಕೊನೆ ಭಾಗದವ್ರು. ಸಾಹೇಬ್ರು ನಮಗ ನೀರು ಮುಟ್ಟಿಸಿದ್ರು" ಎಂದರು. ನೀರಾವರಿ ಇಲಾಖೆಯಲ್ಲಿ ಎಂಜಿನಿಯರ್ ಆಗಿದ್ದ ಅಪ್ಪ ನಿವೃತ್ತರಾದದ್ದು 1997ರಲ್ಲಿ. ಕುರ್ಚಿ ಬಿಟ್ಟು ಇಷ್ಟು ವರ್ಷವಾದ ಮೇಲೂ ಹೊಲದ ಕೆಲಸ ಬಿಟ್ಟು ಬಂದಿರಲ್ಲ, ಮೊದಲ ನಮಸ್ಕಾರ ನಿಮಗೆ.

ಅಪ್ಪ ಹುಟ್ಟಿದ್ದು 1939ರಲ್ಲಿ, ನಿಜಾಮರ ಕಾಲದಲ್ಲಿ. ಮೊದಲು ಕಲಿತದ್ದು ಉರ್ದು. 1948ರ ಸೆಪ್ಟೆಂಬರ್‌ನಲ್ಲಿ ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿದಾಗ ಒಂಬತ್ತು ವರ್ಷದ ಹುಡುಗ. ಆಗ ನಮ್ಮ ಕಡೆ ಮಳೆ ಬಂದರೆ ಜೋಳ, ಬರದಿದ್ದರೆ ಗುಳೆ. 1953ರಲ್ಲಿ ತುಂಗಭದ್ರಾ ಅಣೆಕಟ್ಟೆಯಿಂದ ಕಾಲುವೆಗೆ ನೀರು ಬಿಟ್ಟ ಸುದ್ದಿ ಊರಿಗೆ ಬಂತು. ಅಷ್ಟು ದೂರದ ನೀರು ಪಂಪು ಇಲ್ಲದೆ ತಾನಾಗಿ ನಮ್ಮೂರ ತನಕ ಹೇಗೆ ಹರಿಯುತ್ತೆ ಎಂದು ಮೇಷ್ಟ್ರನ್ನು ಪೀಡಿಸಿದ್ದರಂತೆ. ಆ ಪ್ರಶ್ನೆಯೇ ಮುಂದೆ ಅವರಿಂದ ಸಿವಿಲ್ ಡಿಪ್ಲೊಮಾ ಓದಿಸಿತು.

ಓದು ಮುಗಿಯುವ ಹೊತ್ತಿಗೆ 1962ರ ಚೀನಾ ಯುದ್ಧ. ಮನೆಯಲ್ಲಿ ಬೇಡವೆಂದರೂ ಬೆಂಗಳೂರಿಗೆ ಹೋಗಿ ಸೈನ್ಯದ ಮದ್ರಾಸ್ ಎಂಜಿನಿಯರ್ ಗ್ರೂಪ್ ಸೇರಿದರು. ಪಾಕಿಸ್ತಾನದ ಜೊತೆ ಯುದ್ಧ ನಡೆದ 1971ರ ಡಿಸೆಂಬರ್‌ನಲ್ಲಿ ಶಕರ್‌ಗಢ ಕಡೆ ಇದ್ದರು. ಬಸಂತರ್ ನದಿಯ ಹತ್ತಿರ ನಮ್ಮ ಟ್ಯಾಂಕ್‌ಗಳು ಮುಂದೆ ಹೋಗಬೇಕಾದರೆ ಮೊದಲು ಎಂಜಿನಿಯರ್ ಪಡೆಯ ಸೈನಿಕರಾದ ಸ್ಯಾಪರ್‌ಗಳು ನೆಲಬಾಂಬ್ ತೆಗೆದು ದಾರಿ ಮಾಡಿಕೊಡಬೇಕಿತ್ತು. ಅರುಣ್ ಖೇತರ್‌ಪಾಲ್ 21ನೇ ವಯಸ್ಸಿಗೆ ಪ್ರಾಣ ಕೊಟ್ಟು ಪರಮವೀರ ಚಕ್ರ ಪಡೆದದ್ದು ಅದೇ ಕಾಳಗದಲ್ಲಿ. ಅಪ್ಪ ಯುದ್ಧದ ಕಥೆ ಹೇಳುತ್ತಿದ್ದದ್ದು ಬಹಳ ಕಡಿಮೆ. ನೆಲಬಾಂಬ್ ಹುಡುಕುವ ಸರಳನ್ನು ನೆಲಕ್ಕೆ ನೇರವಾಗಿ ಚುಚ್ಚಬಾರದು, ಓರೆಯಾಗಿ ಚುಚ್ಚಬೇಕು, ಬಾಂಬಿನ ತಲೆ ಮೇಲೆ ಭಾರ ಬೀಳಬಾರದು, ಇಷ್ಟನ್ನು ಮಾತ್ರ ನೆಲದ ಮೇಲೆ ಪೆನ್ಸಿಲ್ ಹಿಡಿದು ತೋರಿಸುತ್ತಿದ್ದರು. ರಾಯಚೂರಿನ ಮಾಜಿ ಸೈನಿಕ ಅಣ್ಣಂದಿರೇ, ಪದಕ ಧರಿಸಿ ಬಂದು ಸೆಲ್ಯೂಟ್ ಕೊಟ್ಟು ಹೆಗಲು ಕೊಟ್ಟಿರಿ. ಅವ್ವ ಅವತ್ತು ಮೊದಲ ಸಲ ಜೋರಾಗಿ ಅತ್ತಳು. ಅಳಬೇಕಿತ್ತು, ಒಳ್ಳೆಯದೇ ಆಯಿತು.

ಸೈನ್ಯದಿಂದ ಬಂದ ಮೇಲೆ ನೀರಾವರಿ ಇಲಾಖೆಯಲ್ಲಿ ಜೂನಿಯರ್ ಎಂಜಿನಿಯರ್ ಆದರು. ತುಂಗಭದ್ರಾ ಎಡದಂಡೆ ಕಾಲುವೆ ಗೊತ್ತಿದ್ದವರಿಗೆ ಅದರ ಕಷ್ಟವೂ ಗೊತ್ತು. ಮುನಿರಾಬಾದ್‌ನಿಂದ ಹೊರಟು ಗಂಗಾವತಿ, ಕಾರಟಗಿ, ಸಿಂಧನೂರು ದಾಟಿ ರಾಯಚೂರು ಕಡೆಗೆ 220 ಕಿ.ಮೀ.ಗೂ ಜಾಸ್ತಿ ಹರಿಯಬೇಕು. ಯೋಜನೆ ಮಾಡಿದಾಗ ಹೆಚ್ಚಿನ ಜಮೀನಿಗೆ ಜೋಳ, ಹತ್ತಿಯಂಥ ಕಡಿಮೆ ನೀರಿನ ಬೆಳೆ ಎಂದು ಲೆಕ್ಕ ಹಾಕಿದ್ದರು. ಮೇಲಿನ ಭಾಗದಲ್ಲಿ ಭತ್ತ ಬಂತು. ಅಣೆಕಟ್ಟೆಯಲ್ಲೂ ಹೂಳು ತುಂಬುತ್ತಾ ಹೋಗಿ, ಮೊದಲು 133 ಟಿಎಂಸಿ ಹಿಡಿಯುತ್ತಿದ್ದದ್ದು ಈಗ 105ರ ಆಸುಪಾಸಿಗೆ ಇಳಿದಿದೆ. ಎಲ್ಲದರ ಪೆಟ್ಟು ಬೀಳುವುದು ಕೊನೆ ಹೊಲಕ್ಕೆ. "ಮ್ಯಾಲಿನವ್ರಿಗೆ ನೀರು ಕೇಳ್ಲಾರ್ದ ಬರ್ತದ. ಕೆಳಗಿನವ್ರಿಗೆ ಕಾಯ್ದು ಕೊಡಬೇಕು" ಎನ್ನುತ್ತಿದ್ದರು. ನಿಜವಾಗಿಯೂ ಕಾಯುತ್ತಿದ್ದರು, ರಾತ್ರಿಯೆಲ್ಲಾ.

ನಾನು ಹೈಸ್ಕೂಲಿನಲ್ಲಿದ್ದಾಗ ಒಮ್ಮೆ ಜೊತೆಗೆ ಕರೆದುಕೊಂಡು ಹೋಗಿದ್ದರು. ಕಾಲುವೆ ನೀರಿನ ಮಟ್ಟ ಅಳೆಯುವ ಗೆರೆಪಟ್ಟಿಯಾದ ಗೇಜ್ ಹತ್ತಿರ ಕಾಲುವೆ ಕಾಯುವ ಗ್ಯಾಂಗ್‌ಮನ್ ಕಾಕಾ ಟಾರ್ಚ್ ಹಿಡಿದರು. ನೀರು ಒಂದು ಗಳಿಗೆ ಮೇಲೇರುತ್ತಿತ್ತು, ಮರುಗಳಿಗೆ ಕೆಳಗಿಳಿಯುತ್ತಿತ್ತು. ಅಪ್ಪ ಮೇಲಿನದನ್ನೂ ಬರೆಯಲಿಲ್ಲ, ಕೆಳಗಿನದನ್ನೂ ಬರೆಯಲಿಲ್ಲ. ಮೊಣಕಾಲೂರಿ ಕೂತು, ನೀರು ಏರಿಳಿಯುವ ಎರಡು ಗೆರೆಗಳ ನಡುಮಧ್ಯ ಯಾವುದು ಎಂದು ನೋಡಿ, ಅದನ್ನು ಪಾಕೆಟ್ ಡೈರಿಗೆ ಬರೆದುಕೊಂಡರು. ಮುಂದಿನ ಗೇಜ್‌ಗೆ ಬರುವಷ್ಟರಲ್ಲಿ ಲೆಕ್ಕ ತಾಳೆಯಾಗಲಿಲ್ಲ. ನಡುವೆ ಯಾರೋ ತೂಬು ಎತ್ತಿದ್ದರು. ವಾಪಸ್ ಹೋಗಿ ಇಳಿಸಿ, ಬೆಳಗಾಗುವ ತನಕ ಅಲ್ಲೇ ಕೂತೆವು. ಬೈಗುಳವೂ ಬಿದ್ದವು. ಅಪ್ಪ ದನಿ ಏರಿಸಲಿಲ್ಲ, ಜಾಗ ಬಿಟ್ಟು ಏಳಲೂ ಇಲ್ಲ.

ಹೊರಗೆ ಇಷ್ಟು ಗಟ್ಟಿ ಮನುಷ್ಯ ಮನೆಯಲ್ಲಿ ಹೇಗಿದ್ದರು ಎಂದು ಕೆಲವರು ಕೇಳಿದಿರಿ. ಬೆಳಗಿನ ಚಹಾ ಅವರೇ ಮಾಡುತ್ತಿದ್ದರು. ಅವ್ವನಿಗೆ ಓದಲು ಬರುವುದಿಲ್ಲ. ಅದಕ್ಕೆ ಅವಳ ಔಷಧಿ ಡಬ್ಬಿಗಳ ಮೇಲೆ ಬೆಳಗಿನದಕ್ಕೆ ಸೂರ್ಯ, ರಾತ್ರಿಯದಕ್ಕೆ ಚಂದ್ರ ಬರೆದು ಅಂಟಿಸಿದ್ದರು. ಸೂರ್ಯನನ್ನು ಕೈವಾರ ಇಟ್ಟು ಬರೆದಿದ್ದಾರೆ! ಅವ್ವ ಈಗಲೂ ಅದನ್ನೇ ನೋಡಿ ಗುಳಿಗೆ ತೆಗೆದುಕೊಳ್ಳುತ್ತಾಳೆ.

2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟೆಯ 19ನೇ ಗೇಟಿನ ಚೈನ್ ಕಡಿದು ಗೇಟು ಕೊಚ್ಚಿಹೋಯಿತಲ್ಲ, ಆ ವಾರ ಅಪ್ಪ ಸರಿಯಾಗಿ ಊಟ ಮಾಡಲಿಲ್ಲ. ಟಿವಿ ಮುಂದಿನಿಂದ ಏಳಲಿಲ್ಲ. ಹರಿಯುವ ನೀರಿನಲ್ಲೇ ಗೇಟಿನ ಜಾಗ ಮುಚ್ಚುವ ಉಕ್ಕಿನ ಹಲಗೆಗಳಾದ ಸ್ಟಾಪ್‌ಲಾಗ್ ಇಳಿಸಿದ್ದಾರೆ ಎಂದು ಸುದ್ದಿ ಬಂದಾಗ ಕೋಲು ಊರಿ ಎದ್ದು ನಿಂತು ಟಿವಿಗೆ ಸೆಲ್ಯೂಟ್ ಹೊಡೆದರು. ಆ ಕೆಲಸ ಮಾಡಿಸಿದ ಗೇಟು ತಜ್ಞ ಕನ್ನಯ್ಯ ನಾಯ್ಡು ಅವರಿಗೂ, ಅಲ್ಲಿ ಹಗಲು ರಾತ್ರಿ ದುಡಿದ ಪ್ರತಿಯೊಬ್ಬ ಕೆಲಸಗಾರರಿಗೂ ನಮ್ಮ ಮನೆಯ ನಮಸ್ಕಾರ ಸಲ್ಲಬೇಕು.

ಅಪ್ಪ ಬಿದ್ದು ಸೊಂಟ ಮುರಿದುಕೊಂಡ ಮೇಲಿನ ತಿಂಗಳುಗಳು ಕಷ್ಟದವು. ಹೊತ್ತಿಲ್ಲದ ಹೊತ್ತಿನಲ್ಲಿ ಬಂದು ಡ್ರೆಸ್ಸಿಂಗ್ ಮಾಡಿದ ಸಿಸ್ಟರ್, ಕರೆದಾಗೆಲ್ಲ ಆಟೋ ತಂದ ತಮ್ಮ, ತಮ್ಮ ಮನೆಯಲ್ಲಿ ಏನು ಮಾಡಿದರೂ ಮೆತ್ತಗೆ ಕಿವುಚಿ ಅಪ್ಪನಿಗೆ ಒಂದು ಬಟ್ಟಲು ಕಳಿಸಿದ ಪಕ್ಕದ ಮನೆ ಚಾಚಿ, ನಿಮ್ಮ ಋಣ ದೊಡ್ಡದು. ಗ್ಯಾಂಗ್‌ಮನ್ ಕಾಕಾನ ಬಗ್ಗೆ ಏನು ಬರೆಯಲಿ? ಅವರಿಗೂ ಈಗ ವಯಸ್ಸಾಗಿದೆ. ಆದರೂ ದಿನಾ ಬೆಳಿಗ್ಗೆ ಬಂದು ಪೇಪರ್ ತೆಗೆದು ಅಣೆಕಟ್ಟೆಯ ಮಟ್ಟ, ಒಳಹರಿವು, ಹೊರಹರಿವು ಓದಿ ಹೇಳುತ್ತಿದ್ದರು. ಪೂರ್ಣ ಮಟ್ಟ 1,633 ಅಡಿ. ಅದಕ್ಕೆ ಎಷ್ಟು ಕಮ್ಮಿ ಎಂದು ಅಪ್ಪ ತಕ್ಷಣ ಹೇಳುತ್ತಿದ್ದರು. ಮೊಮ್ಮಕ್ಕಳ ಹೆಸರು ಅದಲುಬದಲಾದ ದಿನಗಳಲ್ಲೂ ಆ ಲೆಕ್ಕ ತಪ್ಪಲಿಲ್ಲ. ಕಾಕಾ, ನೀವು ಬರುತ್ತೀರೆಂದೇ ಅಪ್ಪ ಬೇಗ ಎದ್ದು ಮುಖ ತೊಳೆಸಿಕೊಳ್ಳುತ್ತಿದ್ದರು.

ಅಪ್ಪನ ಡೈರಿಗಳು ಒಂದು ಟ್ರಂಕ್ ತುಂಬಾ ಇವೆ. ಯಾವ ದಿನ ಯಾವ ಗೇಜ್‌ನಲ್ಲಿ ಎಷ್ಟು ನೀರಿತ್ತು ಎಂದು ವರ್ಷಗಳ ಲೆಕ್ಕ ಅದರಲ್ಲಿದೆ. ಕೊನೆ ಭಾಗದ ರೈತ ಅಣ್ಣಂದಿರು ಅವತ್ತೇ ಕೇಳಿದ್ದಿರಿ. ಝೆರಾಕ್ಸ್ ಮಾಡಿಸಿ ಇಡುತ್ತಿದ್ದೇವೆ, ಬಂದು ತೆಗೆದುಕೊಂಡು ಹೋಗಿ. ಊಟದ ಹೊತ್ತಿಗೇ ಬನ್ನಿ ಎಂದು ಅವ್ವ ಹೇಳಿದ್ದಾಳೆ.