ಅಪ್ಪಾಜಿ, ಮಜ್ಜಿಗೆ ಬಿಡಬೇಡಿ

ಪಾರ್ಮಾ, ಇಟಲಿ
ಜನವರಿ 18

ಪ್ರೀತಿಯ ಅಪ್ಪಾಜಿಗೆ ನಮಸ್ಕಾರಗಳು.

ನಾನು ಚೆನ್ನಾಗಿದ್ದೇನೆ. ಇಲ್ಲಿ ಒಂದು ವಾರದಿಂದ ಮಂಜು, ಎದುರು ಮನೆಯೂ ಕಾಣುವುದಿಲ್ಲ. ಮೊನ್ನೆ ಅಮ್ಮ "ನಿಮ್ಮಪ್ಪ ಮಜ್ಜಿಗೆ ಮುಟ್ಟಿ ಎರಡು ತಿಂಗಳಾಯ್ತು" ಅಂದಾಗಿನಿಂದ ನನಗೆ ಸಮಾಧಾನವಿಲ್ಲ. ಫೋನಿನಲ್ಲಿ ಹೇಳಹೊರಟರೆ ನೀವು "ಆಯ್ತು ಬಿಡವ್ವ" ಅಂತ ಇಟ್ಟುಬಿಡುತ್ತೀರಿ. ಅದಕ್ಕೇ ಬರೆಯುತ್ತಿದ್ದೇನೆ.

ತಮ್ಮ ಕಳಿಸಿದ ನಿಮ್ಮ ಕಿಡ್ನಿ ಕಲ್ಲಿನ ಫೋಟೊ ನೋಡಿದೆ. ಮಾತ್ರೆ ಡಬ್ಬಿಯ ಮುಚ್ಚಳದಲ್ಲಿ ಸಾಸಿವೆ ಕಾಳಿಗಿಂತ ತುಸು ದಪ್ಪ, ಕಂದು ಬಣ್ಣ, ಮೈಯೆಲ್ಲ ತರಿತರಿ. ಅಷ್ಟು ಸಣ್ಣದು ನಿಮ್ಮನ್ನು ರಾತ್ರಿಯೆಲ್ಲ ನೆಲದ ಮೇಲೆ ಹೊರಳಾಡಿಸಿತಲ್ಲ ಅಂತ ಅಳು ಬಂತು. ರಿಪೋರ್ಟಿನಲ್ಲಿ ಕ್ಯಾಲ್ಸಿಯಂ ಆಕ್ಸಲೇಟ್ ಅಂತಿದೆ. ಮೊದಲ ಪದ ನೋಡಿ ನೀವು ಹಾಲು, ಮೊಸರು, ಮುದ್ದೆ ಎಲ್ಲ ಬಿಟ್ಟಿರಿ. ನಿಮ್ಮ ತಪ್ಪಲ್ಲ, ಒಂದು ಕಾಲಕ್ಕೆ ಡಾಕ್ಟರುಗಳೇ ಹಾಗೆ ಹೇಳುತ್ತಿದ್ದರು. ನಾನು ಹೇಳಬೇಕಾಗಿರುವುದು ಎರಡನೇ ಪದದ ಬಗ್ಗೆ. ಆಕ್ಸಲೇಟ್ ಅಂದರೆ ಗಿಡಗಳಲ್ಲಿ ಸಹಜವಾಗಿಯೇ ಇರುವ ಒಂದು ವಸ್ತು.

ಕೆಸುವಿನ ಸೊಪ್ಪು ಹೆಚ್ಚುವಾಗ ಅಮ್ಮನ ಕೈ ಕಡಿಯುತ್ತದಲ್ಲ, ಆ ಎಲೆಯೊಳಗಿನ ಸೂಜಿಯಂಥ ಹರಳುಗಳೂ ಕ್ಯಾಲ್ಸಿಯಂ ಆಕ್ಸಲೇಟೇ. ಪಾಲಕ್, ಬೀಟ್‌ರೂಟ್, ಬಾದಾಮಿ, ಟೀಯಲ್ಲೂ ಆಕ್ಸಲೇಟ್ ಇದೆ. ಊಟದ ಜೊತೆ ಮೊಸರೋ ಮಜ್ಜಿಗೆಯೋ ಇದ್ದರೆ ಅದರ ಕ್ಯಾಲ್ಸಿಯಂ ಈ ಆಕ್ಸಲೇಟನ್ನು ಕರುಳಿನಲ್ಲೇ ಹಿಡಿದು ಮಲದ ಜೊತೆ ಹೊರಗೆ ಸಾಗಿಸುತ್ತದೆ. ಹಿಡಿಯುವುದಕ್ಕೆ ಏನೂ ಇಲ್ಲದಿದ್ದರೆ ಹೆಚ್ಚು ಆಕ್ಸಲೇಟ್ ರಕ್ತಕ್ಕೆ ಸೇರಿ ಕಿಡ್ನಿಗೆ ಬಂದು ಅಲ್ಲಿ ಹರಳುಗಟ್ಟುತ್ತದೆ. ನೀವೀಗ ಹಾಲು ಬಿಟ್ಟು ದಿನಕ್ಕೆ ನಾಲ್ಕು ಸಲ ಬರೀ ಡಿಕಾಕ್ಷನ್ ಟೀ ಕುಡಿಯುತ್ತೀರಂತೆ, ರಾತ್ರಿ ಪಾಲಕ್ ಸಾರಂತೆ. ಅದನ್ನು ಕೇಳಿಯೇ ನನಗೆ ಭಯವಾಗಿದ್ದು.

ಇದನ್ನು ಪರೀಕ್ಷೆ ಮಾಡಿ ನೋಡಿದ್ದು ನಾನಿರುವ ಇದೇ ಊರಿನಲ್ಲಿ, ಅಪ್ಪಾಜಿ. ಪಾರ್ಮಾ ವಿಶ್ವವಿದ್ಯಾಲಯದ ಡಾಕ್ಟರುಗಳು ಪದೇಪದೇ ಕಲ್ಲಾಗುತ್ತಿದ್ದ 120 ಗಂಡಸರನ್ನು ಐದು ವರ್ಷ ಗಮನಿಸಿದರು. ಅವರೆಲ್ಲರಿಗೂ ಮೂತ್ರದಲ್ಲಿ ಕ್ಯಾಲ್ಸಿಯಂ ಜಾಸ್ತಿಯೇ ಹೋಗುತ್ತಿತ್ತು. ಅರ್ಧ ಜನಕ್ಕೆ ದಿನಕ್ಕೆ 400 ಮಿಲಿಗ್ರಾಂ ಕ್ಯಾಲ್ಸಿಯಂ ಮಾತ್ರ, ಇನ್ನರ್ಧಕ್ಕೆ 1,200 ಮಿಲಿಗ್ರಾಂ, ಜೊತೆಗೆ ಉಪ್ಪು, ಮಾಂಸ ಕಡಿಮೆ. ಕ್ಯಾಲ್ಸಿಯಂ ತಗ್ಗಿಸಿದ 60 ಜನರಲ್ಲಿ 23 ಮಂದಿಗೆ ಮತ್ತೆ ಕಲ್ಲಾಯಿತು, ತಿಂದ 60 ಜನರಲ್ಲಿ 12 ಮಂದಿಗೆ. 2002ರಲ್ಲಿ ಪ್ರಕಟವಾಯಿತು. ಉಪ್ಪು, ಮಾಂಸ ತಗ್ಗಿಸಿದ್ದರ ಪಾಲೂ ಇದರಲ್ಲಿದೆ, ಪೂರ್ತಿ ಶ್ರೇಯ ಮೊಸರಿಗೇ ಕೊಡಲಾಗದು. ಆದರೆ ಅದಕ್ಕೂ ಮೊದಲು, 1993ರಲ್ಲಿ ಪ್ರಕಟವಾದಂತೆ, ಅಮೆರಿಕದಲ್ಲಿ 45,000ಕ್ಕೂ ಹೆಚ್ಚು ಗಂಡಸರನ್ನು ನಾಲ್ಕು ವರ್ಷ ಗಮನಿಸಿದಾಗಲೂ ಊಟದಲ್ಲಿ ಹೆಚ್ಚು ಕ್ಯಾಲ್ಸಿಯಂ ತಿಂದವರಿಗೇ ಕಲ್ಲು ಕಡಿಮೆ ಕಂಡಿತ್ತು.

ಮಾತ್ರೆಯ ವಿಷಯ ಬೇರೆ. ಅಮ್ಮಾ, ನೀನು ಮಂಡಿನೋವಿಗೆ ಅಂತ ಮಲಗುವಾಗ ನುಂಗುವ ಕ್ಯಾಲ್ಸಿಯಂ ಮಾತ್ರೆಯನ್ನು ಊಟದ ಜೊತೆ ತೆಗೆದುಕೊಳ್ಳಬಹುದಾ ಅಂತ ಡಾಕ್ಟರನ್ನು ಕೇಳು. ಬರಿ ಹೊಟ್ಟೆಯಲ್ಲಿ ನುಂಗಿದರೆ ಹಿಡಿಯಲು ಆಕ್ಸಲೇಟೇ ಸಿಗುವುದಿಲ್ಲ, ಕ್ಯಾಲ್ಸಿಯಂ ಮಾತ್ರ ಮೂತ್ರಕ್ಕೆ ಹೋಗುತ್ತದೆ. ಮಾತ್ರೆ ತೆಗೆದುಕೊಳ್ಳುವ ಹೆಂಗಸರಲ್ಲಿ ಕಲ್ಲು ಸ್ವಲ್ಪ ಹೆಚ್ಚು ಅಂತಲೂ ಕಂಡುಬಂದಿದೆ. ಅಪ್ಪಾಜಿಗೆ ನಿನ್ನ ಮಾತ್ರೆ ಕೊಡಬೇಡ.

ನೂರು ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಒಂದು ಲೋಟ ಹಾಲಿನಲ್ಲಿ 240ರಷ್ಟು. ದಿನಕ್ಕೆ ಬೇಕಾದದ್ದು ಸಾವಿರ. ಮಧ್ಯಾಹ್ನ ಮುದ್ದೆ, ಮೇಲೆ ಮಜ್ಜಿಗೆ, ನೀವು ಮೊದಲಿಂದ ಉಣ್ಣುತ್ತಿದ್ದುದೇ ಸರಿಯಾಗಿತ್ತು. ಬಿಡಬೇಕಾದದ್ದು ಮಜ್ಜಿಗೆಗೆ ಹಾಕುವ ಹಿಡಿ ಉಪ್ಪು, ಉಪ್ಪಿನಕಾಯಿ, ಹಪ್ಪಳ. ಉಪ್ಪು ಜಾಸ್ತಿಯಾದರೆ ಮೂತ್ರದಲ್ಲಿ ಕ್ಯಾಲ್ಸಿಯಮ್ಮೂ ಜಾಸ್ತಿ ಹೋಗುತ್ತದೆ. ಭಾನುವಾರದ ಬಾಡೂಟ ಇರಲಿ, ಉಳಿದ ದಿನ ಬೇಡ. ತೋಟಕ್ಕೆ ಹೋಗುವಾಗ ನೀರಿನ ಕ್ಯಾನು ಮರೆಯಬೇಡಿ. ಮೂತ್ರದ ಬಣ್ಣ ಕಡು ಹಳದಿಗಟ್ಟಿದರೆ ಕುಡಿದದ್ದು ಸಾಲದು ಅಂತಲೇ ಲೆಕ್ಕ. ಆಗಾಗ ಒಂದು ಲೋಟಕ್ಕೆ ನಿಂಬೆಹಣ್ಣು ಹಿಂಡಿಕೊಳ್ಳಿ.

ಮುಂದಿನ ತಿಂಗಳು ಡಾಕ್ಟರ ಹತ್ತಿರ ಹೋದಾಗ ಈ ಕಾಗದ ಜೇಬಿನಲ್ಲಿಟ್ಟುಕೊಂಡು ಹೋಗಿ. 24 ಗಂಟೆ ಮೂತ್ರ ಕೂಡಿಟ್ಟು ಮಾಡುವ ಪರೀಕ್ಷೆ ಬೇಕಾ ಅಂತ ಕೇಳಿ. ತಮ್ಮನನ್ನೂ ಕರೆದುಕೊಂಡು ಹೋಗಿ.

ಅಮ್ಮಾ, ಈ ಕಾಗದ ಬಂದ ದಿನವೇ ಹಾಲಿಗೆ ಹೆಪ್ಪು ಹಾಕು.

ಇಂತಿ ನಿಮ್ಮ ಮಗಳು