ಕಪ್ಪೆ ಕೊಳ್ಳುವ ಮೊದಲು ಕಿಟಕಿ ನೋಡು

ಪ್ರೀತಿಯ ಗೆಳೆಯಾ,

ನಿನ್ನ ಮೆಸೇಜು ಓದಿದೆ. ಜೊತೆಗೆ ಕಳಿಸಿದ ಪಟ್ಟಿಯನ್ನೂ ನೋಡಿದೆ. ಹೊಸ ಫ್ಲ್ಯಾಟಿಗೆ ಬಂದಾಗಿನಿಂದ ಮನೆಯಲ್ಲಿ ಯಾರಿಗೂ ಲವಲವಿಕೆ ಇಲ್ಲ, ಸಂಜೆಯಾದರೆ ಸಾಕು ಎಲ್ಲರಿಗೂ ಸಿಡಿಮಿಡಿ, ಅಮ್ಮ ಹಗಲೆಲ್ಲ ಮಂಚ ಬಿಟ್ಟು ಏಳುವುದಿಲ್ಲ ಅಂತ ಬರೆದಿದ್ದೀಯ. ಯಾರೋ ಫೆಂಗ್ ಶುಯಿ, ಅಂದರೆ ಚೀನಾದ ವಾಸ್ತು, ತಜ್ಞರು ಬಂದು ಮನೆಯ ಎನರ್ಜಿ ಸರಿಯಿಲ್ಲ ಅಂದರು. ಸ್ಫಟಿಕದ ಗೋಲ, ಗಾಳಿಗಂಟೆ, ನಗುವ ಬುದ್ಧ, ಬಾಯಲ್ಲಿ ನಾಣ್ಯ ಕಚ್ಚಿದ ಮೂರು ಕಾಲಿನ ಕಪ್ಪೆ, ಲಕ್ಕಿ ಬಾಂಬೂ, ಅಕ್ವೇರಿಯಂ ಅಂತ ಉದ್ದ ಪಟ್ಟಿ ಬರೆದುಕೊಟ್ಟರು. ನಾನು ಹಾಂಗ್‌ಕಾಂಗ್‌ನಲ್ಲಿ ಇರುವುದರಿಂದ ನನ್ನನ್ನು ಕೇಳಿದೆ. ನಿನ್ನ ಹಾಗೆ ಕೇಳುವವರು ಇನ್ನೂ ಇದ್ದಾರೆ. ಅದಕ್ಕೇ ನಿನ್ನ ಒಪ್ಪಿಗೆ ಪಡೆದು ಎಲ್ಲರಿಗೂ ಕಾಣುವ ಹಾಗೆ ಬರೆಯುತ್ತಿದ್ದೇನೆ.

ನಿನ್ನ ಮನೆಯಲ್ಲಿ ಏನೋ ಸರಿಯಿಲ್ಲ ಅನ್ನುವುದು ನಿಜ ಕಣೋ. ಹೋದ ಸಲ ಬಂದಾಗ ನನಗೂ ಹಾಗೇ ಅನ್ನಿಸಿತ್ತು. ನಡುಮಧ್ಯಾಹ್ನ ಹಾಲ್‌ನಲ್ಲಿ ಟ್ಯೂಬ್‌ಲೈಟ್ ಉರಿಯುತ್ತಿತ್ತು. ಕಿಟಕಿ ತೆಗೆದರೆ ನಾಲ್ಕಡಿ ಆಚೆ ಪಕ್ಕದ ಬಿಲ್ಡಿಂಗಿನ ಗೋಡೆ. ಅದಕ್ಕೆ ಗಾರೆ ಕೂಡ ಮಾಡಿಲ್ಲ, ಬರೀ ಸಿಮೆಂಟ್ ಬ್ಲಾಕು. ನಿನ್ನ ಮನೆಗೆ ಕಪ್ಪೆ ಬೇಕಿಲ್ಲ, ಬೆಳಕು ಬೇಕು. ಫೆಂಗ್ ಶುಯಿಯನ್ನು ಚೆನ್ನಾಗಿ ಓದಿಕೊಂಡವರು ಬಂದಿದ್ದರೂ ಮೊದಲು ಇದನ್ನೇ ಹೇಳುತ್ತಿದ್ದರು ಅಂತ ನನ್ನ ನಂಬಿಕೆ.

ಯಾಕೆ ಅಂದರೆ ಫೆಂಗ್ ಶುಯಿ ಶುರುವಾದದ್ದು ಸಾಮಾನು ಇಡುವುದರಿಂದ ಅಲ್ಲ, ಜಾಗ ನೋಡುವುದರಿಂದ. ಗುವೊ ಪು ಎಂಬ ಪಂಡಿತನ ಹೆಸರಲ್ಲಿ ಬಂದಿರುವ ಹಳೆಯ ಗ್ರಂಥದ ವಿಷಯ ಸಮಾಧಿಗೆ ಜಾಗ ಹುಡುಕುವುದು. ಗಾಳಿ ಹೊಡೆದರೆ 'ಚೀ', ಅಂದರೆ ಜೀವಶಕ್ತಿ, ಚದುರಿಹೋಗುತ್ತದೆ, ನೀರು ಸಿಕ್ಕಿದರೆ ನಿಲ್ಲುತ್ತದೆ ಅನ್ನುವುದು ಅದರ ಮೂಲ ಮಾತು. ಬದುಕಿರುವವರ ಮನೆಗೂ ಅದೇ ಲೆಕ್ಕ. ಬೆನ್ನಿಗೆ ಗುಡ್ಡ ಇರಬೇಕು, ಎದುರಿಗೆ ಬಯಲು, ನೀರು ಇರಬೇಕು, ಮನೆ ದಕ್ಷಿಣಕ್ಕೆ ಮುಖ ಮಾಡಿರಬೇಕು. ಉತ್ತರ ಚೀನಾದ ಚಳಿ ನೆನೆಸಿಕೊಂಡರೆ ಇದು ಸರಿಯಾದ ಲೆಕ್ಕವೇ. ಅಲ್ಲಿ ಕೊರೆಯುವ ಗಾಳಿ ಬರುವುದು ಉತ್ತರದಿಂದ. ಚಳಿಗಾಲದ ಬಿಸಿಲು ದಕ್ಷಿಣದಿಂದ ಓರೆಯಾಗಿ ಒಳಕ್ಕೆ ಬೀಳುತ್ತದೆ.

ಈ ನೋಟ ಇಲ್ಲಿ ಇನ್ನೂ ಜೀವಂತವಾಗಿದೆ. ನಗರದ ಗದ್ದಲ ಬಿಟ್ಟು ನ್ಯೂ ಟೆರಿಟರೀಸ್ ಕಡೆ ಹೋದರೆ ಹಳೆಯ ಹಳ್ಳಿಗಳ ಬೆನ್ನಿಗೆ ದಟ್ಟ ಕಾಡಿನ ತುಂಡುಗಳು ಕಾಣುತ್ತವೆ. ಅವನ್ನು ಫೆಂಗ್ ಶುಯಿ ಕಾಡು ಅಂತಲೇ ಕರೆಯುತ್ತಾರೆ. ಸುತ್ತಲಿನ ಗುಡ್ಡಗಳ ಮರ ಸೌದೆಗೆ ಹೋದರೂ ಇವನ್ನು ಊರಿನವರು ಕಡಿಯಲು ಬಿಡಲಿಲ್ಲ. ಬಿರುಗಾಳಿಗೆ ತಡೆ, ಗುಡ್ಡ ಜರಿಯದ ಹಾಗೆ ಹಿಡಿತ, ಸೆಕೆಗೆ ನೆರಳು. ನಮ್ಮ ಕೊಡಗಿನ ದೇವರಕಾಡು ನೋಡಿದ ಕಣ್ಣಿಗೆ ಇದು ಹೊಸದು ಅನ್ನಿಸುವುದೇ ಇಲ್ಲ.

ಇನ್ನೊಂದು ಜಾಗದ ಬಗ್ಗೆ ಹೇಳಲೇಬೇಕು. ಹಾಂಗ್‌ಕಾಂಗ್‌ನ ಸೆಂಟ್ರಲ್ ಎಂಬ ಭಾಗದಲ್ಲಿ ಎಚ್‌ಎಸ್‌ಬಿಸಿ ಬ್ಯಾಂಕಿನ ಮುಖ್ಯ ಕಟ್ಟಡ ಇದೆ. ನಾರ್ಮನ್ ಫಾಸ್ಟರ್ ವಿನ್ಯಾಸ ಮಾಡಿದ್ದು, 1985ರಲ್ಲಿ ಮುಗಿದದ್ದು. ಫೆಂಗ್ ಶುಯಿ ಮಾತು ಬಂದಾಗೆಲ್ಲ ಜನ ಇದರ ಕಥೆ ಹೇಳುತ್ತಾರೆ. ಕೇಡು ತರುತ್ತದೆ ಅಂತ ಜನ ಹೇಳುವ, ಪಕ್ಕದ ಬ್ಯಾಂಕ್ ಆಫ್ ಚೀನಾ ಗೋಪುರದ ಚೂಪು ಅಂಚು, ಅದಕ್ಕೆ ಎದುರಾಗಿ ಇದರ ನೆತ್ತಿಯ ಮೇಲೆ ಫಿರಂಗಿಯ ಹಾಗೆ ಕಾಣುವ ಕ್ರೇನುಗಳು, ಓರೆಯಾಗಿ ನಿಲ್ಲಿಸಿದ ಎಸ್ಕಲೇಟರುಗಳು. ನನಗೆ ಇಷ್ಟವಾಗುವ ಸಂಗತಿ ಬೇರೆ. ಕಟ್ಟಡದ ದಕ್ಷಿಣದ ಮೈಗೆ ಹೊರಗಡೆ ಕನ್ನಡಿಗಳ ಸಾಲು ಕೂರಿಸಿದ್ದಾರೆ. ಅವು ಬಿಸಿಲನ್ನು ಹಿಡಿದು ಒಳಕ್ಕೆ ಎಸೆಯುತ್ತವೆ. ಒಳಗೆ ಹತ್ತು ಅಂತಸ್ತು ಎತ್ತರದ ಖಾಲಿ ಅಂಗಳ. ಅದರ ಸೂರಿನಲ್ಲಿ ಇನ್ನೊಂದಷ್ಟು ಕನ್ನಡಿಗಳು. ಅಲ್ಲಿಗೆ ಬಡಿದ ಬೆಳಕು ತಿರುಗಿ ನೇರ ಕೆಳಕ್ಕೆ ಇಳಿಯುತ್ತದೆ. ಆ ಅಂಗಳದ ತಳ ಗಾಜಿನದು. ಅದನ್ನೂ ದಾಟಿ ಬೆಳಕು ನೆಲಮಟ್ಟದ ಬಯಲಿಗೆ ಬರುತ್ತದೆ. ಆ ಬಯಲಿಗೆ ಬಾಗಿಲಿಲ್ಲ, ಯಾರು ಬೇಕಾದರೂ ಹಾದುಹೋಗಬಹುದು. ಭಾನುವಾರ ಫಿಲಿಪೀನ್ಸ್‌ನಿಂದ ಮನೆಗೆಲಸಕ್ಕೆ ಬಂದ ಹೆಣ್ಣುಮಕ್ಕಳು ಅಲ್ಲಿ ರಟ್ಟು ಹಾಸಿಕೊಂಡು ಕೂತು ಊಟ ಮಾಡುತ್ತಾರೆ, ಹರಟುತ್ತಾರೆ, ಊರಿಗೆ ಫೋನ್ ಮಾಡುತ್ತಾರೆ. ವಾರವೆಲ್ಲ ಬೇರೆಯವರ ಪುಟ್ಟ ಫ್ಲ್ಯಾಟುಗಳಲ್ಲಿ ದುಡಿದವರು ಅವರು. ಅವರಿಗೂ ಒಂದು ಪಾಲು ಹಗಲು ಸಿಗಲಿ ಅನ್ನುವ ಹಾಗೆ ಕಟ್ಟಿದ ಕಟ್ಟಡ ನನಗೆ ಯಾವ ಕಥೆಗಿಂತಲೂ ದೊಡ್ಡದು.

ಈಗ ನಿನ್ನ ಪಟ್ಟಿಗೆ ಬರೋಣ. ನಗುವ ಬುದ್ಧ ಗೌತಮ ಬುದ್ಧ ಅಲ್ಲ. ಹತ್ತನೇ ಶತಮಾನದಲ್ಲಿ ಚೀನಾದಲ್ಲಿ ಬಟ್ಟೆ ಚೀಲ ಹೊತ್ತು ಅಲೆಯುತ್ತಿದ್ದ ಬುದಾಯ್ ಎಂಬ ಸನ್ಯಾಸಿ. ಅವನ ನಗು ನೋಡಿ ನಿನಗೆ ಖುಷಿಯಾದರೆ ಇಟ್ಟುಕೋ, ಅದಕ್ಕೆ ತಜ್ಞರ ಅಪ್ಪಣೆ ಬೇಡ. ಲಕ್ಕಿ ಬಾಂಬೂ ಬಿದಿರಲ್ಲ, ಆಫ್ರಿಕಾ ಮೂಲದ ಡ್ರಸೀನಾ ಗಿಡ. ನೆರಳಲ್ಲೂ ಬದುಕುತ್ತದೆ, ತಗೋ. ಕಪ್ಪೆ, ಗೋಲ ಬೇಡ. ಅಕ್ವೇರಿಯಂ ಅಂತೂ ಬೇಡವೇ ಬೇಡ. ದಿನಾ ನೋಡಿಕೊಳ್ಳುವವರಿಲ್ಲದ ಮನೆಯಲ್ಲಿ ಮೀನು ಸಾಯುತ್ತವೆ. ಅದು ಯಾವ ಶಾಸ್ತ್ರದಲ್ಲೂ ಒಳ್ಳೆಯದಲ್ಲ.

ದಿಕ್ಕಿನ ವಿಷಯಕ್ಕೂ ತಲೆ ಕೆಡಿಸಿಕೊಳ್ಳಬೇಡ. ದಕ್ಷಿಣದ ಬಾಗಿಲು ಅಂದರೆ ನಮ್ಮಲ್ಲಿ ಯಮನ ದಿಕ್ಕು ಅಂತ ಹಿಂಜರಿಯುತ್ತಾರೆ. ಫೆಂಗ್ ಶುಯಿಗೆ ಅದೇ ಶ್ರೇಷ್ಠ. ಅದರಲ್ಲೂ ದಿಕ್ಸೂಚಿ ಹಿಡಿದು ಲೆಕ್ಕ ಹಾಕುವ ಪಂಥ ಒಂದು, ಬಾಗಿಲು ಎಲ್ಲಿದೆಯೋ ಅಲ್ಲಿಂದ ಲೆಕ್ಕ ಹಾಕುವ ಪಂಥ ಇನ್ನೊಂದು. ಎರಡನೆಯದನ್ನು ಅಮೆರಿಕದಲ್ಲಿ ಹರಡಿದವರು ಲಿನ್ ಯುನ್ ಎಂಬ ಗುರು. ಬಾಗಿಲಲ್ಲಿ ನಿಂತಾಗ ಒಳಗಡೆ ಎಡಗಡೆಯ ದೂರದ ಮೂಲೆ ಸಂಪತ್ತಿನದು ಅಂತ ನಿನಗೆ ಹೇಳಿದರಲ್ಲ, ಅದು ಆ ಕಡೆಯಿಂದ ಬಂದದ್ದು. ಒಂದೇ ಮನೆಗೆ ಎರಡು ಪಂಥದವರು ಬಂದರೆ ಸಂಪತ್ತಿನ ಮೂಲೆ ಬೇರೆ ಬೇರೆ ಕಡೆ ಬೀಳುತ್ತದೆ. ಸೂರ್ಯನ ಲೆಕ್ಕ ಹಾಗಲ್ಲ. ಬೆಂಗಳೂರು ಇರುವುದು 13 ಡಿಗ್ರಿ ಅಕ್ಷಾಂಶದಲ್ಲಿ. ಏಪ್ರಿಲ್ 24ರ ಸುಮಾರಿಗೆ ಒಮ್ಮೆ, ಆಗಸ್ಟ್ 18ರ ಸುಮಾರಿಗೆ ಇನ್ನೊಮ್ಮೆ ಮಧ್ಯಾಹ್ನದ ಸೂರ್ಯ ನೇರ ನೆತ್ತಿಯ ಮೇಲೆ ಬರುತ್ತಾನೆ. ಆ ನಡುವಿನ ತಿಂಗಳುಗಳಲ್ಲಿ ಅವನು ನಡುಹಗಲಲ್ಲಿ ನಮಗೆ ಉತ್ತರಕ್ಕಿರುತ್ತಾನೆ, ಉಳಿದ ಕಾಲ ದಕ್ಷಿಣಕ್ಕೆ. ಹಾಗಾಗಿ ಬೀಜಿಂಗ್‌ನ ಚಳಿಗೆ ಮಾಡಿದ ನಿಯಮ ನಿನ್ನ ಮನೆಗೆ ಹಾಗೇ ಹೊಂದುವುದಿಲ್ಲ. ಒಂದು ರಜೆ ದಿನ ಬೆಳಗಿನಿಂದ ಸಂಜೆಯವರೆಗೆ ಯಾವ ಕೋಣೆಗೆ ಎಷ್ಟು ಹೊತ್ತಿಗೆ ಬೆಳಕು ಬರುತ್ತದೆ, ಎಲ್ಲಿ ನಿಂತುಹೋಗುತ್ತದೆ ಅಂತ ಸುಮ್ನೆ ನೋಡು. ಲೈಟ್ ಹಾಕಬೇಡ. ಮಕ್ಕಳಿಗೆ ಬಳಪ ಕೊಟ್ಟು ಬಿಸಿಲು ಬಿದ್ದ ಕಡೆ ಗೆರೆ ಎಳೆಯಲು ಹೇಳು. ಆ ನಕ್ಷೆಯೇ ನಿನ್ನ ಫೆಂಗ್ ಶುಯಿ.

ಬೆಳಕಿನ ಬಗ್ಗೆ ಇಷ್ಟು ಹಟ ಯಾಕೆ ಅಂತ ಕೇಳುತ್ತೀಯ. 2002ರಲ್ಲಿ ಬ್ರೌನ್ ವಿಶ್ವವಿದ್ಯಾಲಯದ ಡೇವಿಡ್ ಬರ್ಸನ್ ಮತ್ತು ಸಂಗಡಿಗರು ಕಣ್ಣಿನ ಪರದೆಯಲ್ಲಿ ಒಂದು ಬಗೆಯ ಜೀವಕೋಶ ತೋರಿಸಿದರು. ಅದರ ಮುಖ್ಯ ಕೆಲಸ ಆಕಾರ ನೋಡುವುದಲ್ಲ, ಈಗ ಹಗಲೋ ರಾತ್ರಿಯೋ ಅಂತ ಮೆದುಳಿಗೆ ತಿಳಿಸುವುದು. ನಿದ್ದೆ, ಎಚ್ಚರ ಎಲ್ಲ ಅದನ್ನು ನೆಚ್ಚಿಕೊಂಡಿವೆ. ಮೋಡ ಕವಿದ ದಿನವೂ ಹೊರಗೆ ಹತ್ತು ಸಾವಿರ ಲಕ್ಸ್ (ಬೆಳಕು ಅಳೆಯುವ ಮಾನ) ಸುಮಾರು ಬೆಳಕಿರುತ್ತದೆ. ಟ್ಯೂಬ್‌ಲೈಟ್ ಹಾಕಿದ ಹಾಲ್‌ನಲ್ಲಿ ಇನ್ನೂರು ಇದ್ದರೆ ಜಾಸ್ತಿ. ಅಂದರೆ ನಿಮ್ಮಮ್ಮನ ದೇಹಕ್ಕೆ ಹಗಲು ಆಯಿತು ಅಂತ ಯಾರೂ ಸರಿಯಾಗಿ ಹೇಳುತ್ತಲೇ ಇಲ್ಲ. ರಾತ್ರಿ ನಿದ್ದೆ ಬರದೆ, ಹಗಲು ತೂಕಡಿಸಿದರೆ ಏನಾಶ್ಚರ್ಯ? (ಆದರೂ ಒಮ್ಮೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗು. ಎಲ್ಲವನ್ನೂ ಮನೆಯ ಮೇಲೆ ಹಾಕುವುದು ಬೇಡ.)

ಇನ್ನೊಂದು ಅಧ್ಯಯನ ನಿನ್ನ ಕಿಟಕಿಗೇ ಹೇಳಿ ಮಾಡಿಸಿದ ಹಾಗಿದೆ. ರೋಜರ್ ಉಲ್ರಿಚ್ 1984ರಲ್ಲಿ ಪ್ರಕಟಿಸಿದ್ದು. ಅಮೆರಿಕದ ಪೆನ್ಸಿಲ್ವೇನಿಯಾದ ಆಸ್ಪತ್ರೆಯೊಂದರಲ್ಲಿ ಪಿತ್ತಕೋಶದ ಆಪರೇಷನ್ ಆದ 46 ಜನರ ದಾಖಲೆ ನೋಡಿದರು. ಅರ್ಧ ಜನರ ಕಿಟಕಿಯ ಆಚೆ ಮರಗಳಿದ್ದವು, ಇನ್ನರ್ಧಕ್ಕೆ ಇಟ್ಟಿಗೆ ಗೋಡೆ. ಮರ ಕಾಣುತ್ತಿದ್ದವರು ಬೇಗ ಮನೆಗೆ ಹೋದರು, ಅವರಿಗೆ ಬಲವಾದ ನೋವಿನ ಔಷಧಿಯೂ ಕಡಿಮೆ ಸಾಕಾಯಿತು. ಚಿಕ್ಕ ಅಧ್ಯಯನ, ನಿಜ. ಆದರೆ ಗೋಡೆ ನೋಡುತ್ತಾ ಮಲಗಿದವರ ಕಷ್ಟ ಅರ್ಥವಾಗುತ್ತದೆ ಅಲ್ವಾ?

ಅಮ್ಮ ಬೆಳೆದ ಮನೆ ನೆನಪಿದೆಯಾ ನಿನಗೆ? ತೀರ್ಥಹಳ್ಳಿ ಕಡೆಯ ಆ ಅಡುಗೆಮನೆ. ಕಿಟಕಿ ಅಂತ ಇದ್ದದ್ದು ಒಂದು ಕಿಂಡಿ. ಆದರೆ ಮಂಗಳೂರು ಹೆಂಚಿನ ಸಾಲಲ್ಲಿ ಒಂದೇ ಒಂದು ಗಾಜಿನ ಹೆಂಚು ಕೂರಿಸಿದ್ದರು. ಒಲೆಯ ಹೊಗೆಯೊಳಗೆ ಬಿಸಿಲುಕೋಲು ಇಳಿಯುತ್ತಿತ್ತು. ಬೆಳಕಿನ ಬಿಲ್ಲೆ ಒರಳುಕಲ್ಲಿಗೆ ಬಂದರೆ ಅನ್ನಕ್ಕಿಡುವ ಹೊತ್ತು, ಬಾಗಿಲ ಹತ್ತಿರ ಹೋದರೆ ಗಂಡಸರು ತೋಟದಿಂದ ಬರುವ ಹೊತ್ತು ಅಂತ ನಿನ್ನ ಅಜ್ಜಿ ಹೇಳುತ್ತಿದ್ದರು. ಒಂದು ಹೆಂಚಿನಷ್ಟು ಬೆಳಕಿನಿಂದ ಮನೆಯ ದಿನವೇ ನಡೆಯುತ್ತಿತ್ತು. ಅಲ್ಲಿ ಬೆಳೆದವರನ್ನು ಈಗ ಸಿಮೆಂಟ್ ಗೋಡೆಯ ಎದುರು ಕೂರಿಸಿದ್ದೀಯ.

ಅದಕ್ಕೇ ಮೊದಲ ಕೆಲಸ ಅಮ್ಮನ ಕೋಣೆಯದು. ಪೂರ್ವದ ಕಿಟಕಿಗೆ ಅರ್ಧ ಅಡ್ಡ ನಿಂತಿರುವ ಕಬ್ಬಿಣದ ಬೀರು ಸರಿಸು. ಆ ಮನೆಯಲ್ಲಿ ಬೆಳಗಿನ ಬಿಸಿಲು ನೇರ ಬೀಳುವ ಕಿಟಕಿ ಅದೊಂದೇ. ಸೊಳ್ಳೆ ಪರದೆಯ ಜಾಲರಿ ಬಿಚ್ಚಿ ತೊಳೆ. ಧೂಳು ಕೂತ ಜಾಲರಿ ಎಷ್ಟು ಬೆಳಕು ತಿನ್ನುತ್ತದೆ ಅಂತ ತೊಳೆದ ಮೇಲೇ ಗೊತ್ತಾಗುವುದು. ಮಂಚವನ್ನು ಅವರು ಮಲಗಿದ್ದಲ್ಲಿಂದ ಬಾಗಿಲು ಕಾಣುವ ಹಾಗೆ, ಆದರೆ ಬಾಗಿಲಿಗೆ ನೇರ ಅಲ್ಲದ ಹಾಗೆ ತಿರುಗಿಸು. ಇದು ಅಪ್ಪಟ ಫೆಂಗ್ ಶುಯಿ ನಿಯಮ, ನಾನು ಮನಸಾರೆ ಒಪ್ಪುತ್ತೇನೆ. ಯಾರು ಬಂದರು, ಯಾರು ಹೋದರು ಅಂತ ಕಾಣುತ್ತಿದ್ದರೆ ವಯಸ್ಸಾದವರಿಗೆ ಧೈರ್ಯ. ಬೆಳಗ್ಗೆ ಕಾಫಿ ಲೋಟ ಹಿಡಿದು ಅವರನ್ನು ಬಾಲ್ಕನಿಗೆ ಕರೆದುಕೊಂಡು ಹೋಗಿ ಕೂರಿಸು. ಅಲ್ಲಿರುವ ಹಳೆಯ ರಟ್ಟಿನ ಪೆಟ್ಟಿಗೆಗಳನ್ನು ಮೊದಲು ಗುಜರಿಗೆ ಹಾಕು.

ಇನ್ನು ಆ ಗೋಡೆ. ಅದರ ಓನರ್ ಹತ್ತಿರ ಹೋಗಿ ಮಾತಾಡು. ನಿಮ್ಮ ಗೋಡೆಗೆ ನನ್ನ ಖರ್ಚಲ್ಲಿ ಬಿಳಿ ಬಳಿಸುತ್ತೇನೆ ಅಂತ ಕೇಳು. ಬ್ಲಾಕಿನ ಗೋಡೆ ಬಿದ್ದ ಬೆಳಕಿನಲ್ಲಿ ಹೆಚ್ಚಿನ ಪಾಲು ನುಂಗುತ್ತದೆ. ಒಳ್ಳೆಯ ಬಿಳಿ ಬಣ್ಣ ಮುಕ್ಕಾಲು ಪಾಲಿಗಿಂತ ಜಾಸ್ತಿ ವಾಪಸ್ ಕೊಡುತ್ತದೆ. ಸಂದಿಗೆ ಮೇಲಿನಿಂದ ಇಳಿಯುವ ಬೆಳಕು ಎರಡು ಗೋಡೆಗಳ ನಡುವೆ ಬಡಿದು ಬಡಿದು ಕೆಳಗೆ ಬರಬೇಕು. ಹಾಗಾಗಿ ನಿಮ್ಮ ಬಿಲ್ಡಿಂಗಿನ ಹೊರಮೈಗೂ ಬಿಳಿ ಬೇಕು, ಅಸೋಸಿಯೇಷನ್ ಮೀಟಿಂಗಿನಲ್ಲಿ ಕೇಳು. ಆ ಬ್ಯಾಂಕಿನವರು ಕನ್ನಡಿಯಲ್ಲಿ ಮಾಡಿದ ಕೆಲಸವನ್ನೇ ನೀನು ಬಕೆಟ್ ಬಣ್ಣದಲ್ಲಿ ಮಾಡುತ್ತೀಯ. ಹಾಲ್‌ನ ಸೂರು, ಕಿಟಕಿಯ ಎದುರು ಗೋಡೆ ಎರಡಕ್ಕೂ ಬಿಳಿ. ನಿಲುವುಗನ್ನಡಿಯನ್ನು ಕಿಟಕಿಯ ಪಕ್ಕದ ಗೋಡೆಗೆ ಹಾಕು. ಕಿಟಕಿಯ ಹೊರ ಸರಳಿಗೆ ಮನಿಪ್ಲಾಂಟ್ ಹಬ್ಬಿಸು, ತೆಳುವಾಗಿ. ದಟ್ಟವಾದರೆ ಕತ್ತರಿಸು.

ಸಂಜೆಗೆ ಇದರ ತಿರುಗುಮುರುಗು. ಬಲ್ಬಿನ ಡಬ್ಬದ ಮೇಲೆ 6500ಕೆ ಅಂತ ಬರೆದದ್ದು ನೀಲಿಬಿಳಿ, 2700ಕೆ ಅಂತ ಇದ್ದದ್ದು ಹಳದಿ. ನೀನು ಎಲ್ಲಾ ಕಡೆ ಮೊದಲನೆಯದನ್ನೇ ಹಾಕಿಸಿದ್ದೀಯ. ಏಳು ಗಂಟೆಯ ಮೇಲೆ ಸೂರಿನ ಲೈಟ್ ಆರಿಸಿ, ಕೂತವರ ಎತ್ತರಕ್ಕೆ ಒಂದೆರಡು ಹಳದಿ ದೀಪ ಇಡು. ಮಕ್ಕಳು ಓದುವ ಮೇಜಿಗೆ ಮಾತ್ರ ಚೆನ್ನಾಗಿ ಬೆಳಕಿರಲಿ.

ಸಂಕಲ್ಪದ ಬಗ್ಗೆಯೂ ಕೇಳಿದ್ದೀಯ, ಮನಸ್ಸಿನಲ್ಲಿ ಅಂದುಕೊಂಡರೆ ಮನೆ ಬದಲಾಗುತ್ತದಾ ಅಂತ. ನನ್ನ ಎದುರು ಮನೆಯ ಅಜ್ಜಿಯನ್ನು ನೋಡಿ ನನಗೆ ಇದು ಸ್ವಲ್ಪ ಅರ್ಥವಾಗಿದೆ. ಇಲ್ಲಿ ಬಾಗಿಲ ಬುಡದಲ್ಲಿ, ನೆಲಕ್ಕೆ ತಾಗಿದ ಹಾಗೆ, ಭೂಮಿದೇವರ ಪುಟ್ಟ ಗೂಡು ಇರುತ್ತದೆ. ಕೆಂಪು ಹಲಗೆ, ಬಂಗಾರದ ಅಕ್ಷರ, ಎರಡು ಕೆಂಪು ಬಲ್ಬು. ಅಜ್ಜಿ ಸಂಜೆ ಮೊಣಕಾಲು ಹಿಡಿದುಕೊಂಡು ಬಗ್ಗಿ ಬೂದಿ ಒರೆಸಿ, ಮೂರು ಊದುಕಡ್ಡಿ ಹಚ್ಚಿ, ಕಿತ್ತಳೆ ಹಣ್ಣನ್ನು ಸರಿಮಾಡಿ ಏಳುತ್ತಾರೆ. ಲಿಫ್ಟ್ ಬಂದು ನಿಂತರೂ ತಿರುಗಿ ನೋಡುವುದಿಲ್ಲ. ನಮ್ಮಲ್ಲಿ ಹೊಸ್ತಿಲು ತೊಳೆದು ರಂಗೋಲಿ ಹಾಕುವಾಗ ಅಮ್ಮಂದಿರ ಮುಖದಲ್ಲಿ ಇರುವುದೂ ಅದೇ ಗಮನ. ಪೂಜೆಗೆ ಮುಂಚೆ ಸಂಕಲ್ಪ ಮಾಡುವಾಗ ಯಾವ ಊರು, ಯಾವ ದಿನ, ಯಾತಕ್ಕೆ ಅಂತ ಬಾಯಿಬಿಟ್ಟು ಹೇಳುತ್ತೇವೆ. ಮನೆಗೂ ಹಾಗೇ ಹೇಳು. ಈ ಮೂಲೆ ಅಮ್ಮ ಪೇಪರ್ ಓದುವುದಕ್ಕೆ, ಈ ಮೇಜು ಎಲ್ಲರೂ ಕೂತು ಉಣ್ಣುವುದಕ್ಕೆ, ಇಲ್ಲಿ ಲ್ಯಾಪ್‌ಟಾಪ್ ಬರಕೂಡದು. ಹೇಳಿದ ಮೇಲೆ ಹಾಗೇ ನಡೆದುಕೋ. ಮುಸ್ಸಂಜೆ ದೀಪ ಹಚ್ಚುವ ಕೆಲಸ ಅಮ್ಮನಿಗೇ ಬಿಡು. ಆ ಹೊತ್ತಿಗೆ ಅವರು ಎದ್ದು ಮುಖ ತೊಳೆದು ಬರುತ್ತಾರೆ. ಅದೇ ದೊಡ್ಡದು.

ಬೀರು ಸರಿಸಿದ ಮೇಲೆ ಬೆಳಗ್ಗೆ ಏಳಕ್ಕೆ ಅಮ್ಮನ ಕೋಣೆಯ ಒಂದು ಫೋಟೋ ಕಳಿಸು, ಲೈಟ್ ಹಾಕದೆ. ಆ ಓನರ್ ಒಪ್ಪಿದರೋ ಇಲ್ಲವೋ ತಿಳಿಸು. ಒಪ್ಪದಿದ್ದರೆ ಮುಂದಿನ ಸಲ ಬಂದಾಗ ಇಬ್ಬರೂ ಹೋಗಿ ಕೇಳೋಣ. ಬಣ್ಣದ ಖರ್ಚಿನಲ್ಲಿ ಅರ್ಧ ನನ್ನದು.

ಅಮ್ಮನಿಗೆ ನಮಸ್ಕಾರ ಹೇಳು. ಮಕ್ಕಳಿಗೆ ಪ್ರೀತಿ.

ನಿನ್ನ,
ಹಾಂಗ್‌ಕಾಂಗ್ ಗೆಳೆಯ